ದವಾಖಾನಿಗೆ ಒಯ್ರಿ

ಮೆಣಸಗಿಯಲ್ಲಿ ಹಳೆಯ ಟ್ರ್ಯಾಕ್ಟರೊಂದು ಹೊಲದ ನಡುವೆ ಕೆಟ್ಟು ನಿಂತಿತೆನ್ನಿ. ಮೇಸ್ತ್ರಿ ಬರುತ್ತಾನೆ, ಬಾನೆಟ್ಟು ಎತ್ತುತ್ತಾನೆ, ಬಗ್ಗಿ ನೋಡುತ್ತಾನೆ, ಕೈ ಒರೆಸಿಕೊಳ್ಳುತ್ತಾನೆ. ಆಗ ಬದುವಿನ ಮೇಲೆ ಕೂತವರಲ್ಲಿ ಒಬ್ಬನಾದರೂ ಗಂಟಲು ಬದಲಿಸಿ, ಹೆಂಗಸಿನ ದನಿ ಮಾಡಿ, "ದವಾಖಾನಿಗೆ ಒಯ್ರಿ" ಅನ್ನುತ್ತಾನೆ. ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಟ್ರ್ಯಾಕ್ಟರಿನ ಯಜಮಾನ ಮಾತ್ರ ನಗುವುದಿಲ್ಲ. ಈ ಊರಿನಲ್ಲಿ ಆ ಮಾತಿಗೆ ರಿಪೇರಿಗೆ ಕಳಿಸಿ ಎಂಬ ಅರ್ಥವಿಲ್ಲ. ಇನ್ನು ಇದರ ಆಸೆ ಬಿಡಿ ಎಂದು ಅರ್ಥ.

ಅಣಕಿಸುವ ಆ ದನಿ ಉಡಚವ್ವನದು.

ಉಡಚವ್ವ ಕೀಲು ಕೂಡಿಸುವವಳು. ಉಳುಕು ತೆಗೆಯುತ್ತಾಳೆ, ಹಿಡಿದ ನಡ ಬಿಡಿಸುತ್ತಾಳೆ, ಜಾರಿದ ರಟ್ಟೆಯನ್ನು ಅದರ ಗೂಡಿಗೆ ಕೂರಿಸುತ್ತಾಳೆ. ನೆರೆ ಬಂದು ಹೋದ ಮೇಲೆ ಹೊಳೆಯಿಂದ ದೂರ ಎತ್ತರದಲ್ಲಿ ಕಟ್ಟಿಸಿಕೊಟ್ಟ ಮನೆಗಳ ಸಾಲಿನಲ್ಲಿ ಕಡೆಯ ಮನೆ ಅವಳದು. ಜಕ್ಕಲಿಯಿಂದ, ಶಿರೋಳದಿಂದ ಅವಳನ್ನು ಹುಡುಕಿಕೊಂಡು ಬರುತ್ತಾರೆ. ಗಜೇಂದ್ರಗಡದಿಂದ ಬರುವವರು ಹೆಚ್ಚಾಗಿ ನೇಕಾರರು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಕೂತು ನಡ ಕಳೆದುಕೊಂಡವರು. ಉಳಿದ ಹೊತ್ತು ಉಡಚವ್ವ ಕೂಲಿಗೆ ಹೋಗುತ್ತಾಳೆ. ಗಂಡ ಹೊಳಿಯಪ್ಪ ವರ್ಷದ ಬಹುಪಾಲು ಗೋವಾದಲ್ಲಿ ಗಾರೆ ಕೆಲಸದಲ್ಲಿರುತ್ತಾನೆ. ಮನೆಯ ಕಟ್ಟೆಯ ಮೇಲೆ ಅವಳಿಗೆ ಕೂರಲು ಜಾಗ ಕೊಡದವರು ಕೂಡ ಬಾಗಿಲು ಮುಂದೆ ಮಾಡಿ, ಅಂಗಿ ಬಿಚ್ಚಿ, ಅವಳ ಮುಂದೆ ಬೋರಲು ಮಲಗುತ್ತಾರೆ. ನೋವು ಇಳಿದ ಮೇಲೆ ಅವರಿಗೆ ಮತ್ತೆ ಕಟ್ಟೆ ನೆನಪಾಗುತ್ತದೆ.

ವಿದ್ಯೆ ಅವಳಿಗೆ ಮಾವ ಪರಶಪ್ಪನಿಂದ ಬಂದದ್ದು. ಪರಶಪ್ಪನ ಮನೆತನದಲ್ಲಿ ಅದು ಮಗನಿಗೆ ಹೋಗಬೇಕಿತ್ತು. ಆದರೆ ಹೊಳಿಯಪ್ಪನ ಕೈಯನ್ನು ಸಣ್ಣ ವಯಸ್ಸಿಗೇ ಸಿಮೆಂಟು ತಿಂದುಬಿಟ್ಟಿತ್ತು. ಪರಶಪ್ಪ ಒಂದು ದಿನ ಮಗನ ಅಂಗೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು, ಬೆರಳ ತುದಿಗಳನ್ನು ಒತ್ತಿ ನೋಡಿ, "ಇದು ಕಿವುಡಾಗೇತಿ" ಅಂದ. ಅಲ್ಲಿಗೆ ಆ ಮಾತು ಮುಗಿಯಿತು. ಸೊಸೆಯನ್ನು ಕರೆದು, "ಇನ್ನ ಮ್ಯಾಲ ಕುಡಗೋಲ ಎಡಗೈಯಾಗ ಹಿಡಿಯವಾ. ಬಲಗೈ ನನಗ ಬಿಡು" ಅಂದ.

ಆ ಸುಗ್ಗಿಯಲ್ಲಿ ಉಡಚವ್ವ ಎಡಗೈಯಲ್ಲಿ ಜೋಳ ಕೊಯ್ದಳು. ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದಳು. ಮುಂದಿದ್ದ ಹೆಂಗಸರು ತಿರುಗಿ ತಿರುಗಿ ಕಾಡಿದರು: "ಏನ ಉಡಚವ್ವಾ, ಬಲಗೈಗೆ ಬಳಿ ಭಾರ ಆದೂವೇನ?"

ಕಲಿಸುವುದು ಸುಲಭವಿರಲಿಲ್ಲ. ಸೊಸೆ ಮಾವನ ಎದುರು ಸೆರಗು ಇಳಿಸುವಂತಿಲ್ಲ. ಮಾವ ಸೊಸೆಯ ಕೈ ಮುಟ್ಟುವಂತಿಲ್ಲ. ಬೆರಳು ಹಿಡಿದು ತೋರಿಸದೆ ಈ ವಿದ್ಯೆಯನ್ನು ದಾಟಿಸುವುದು ಹೇಗೆ? ಪರಶಪ್ಪ ತನ್ನ ಹೆಂಡತಿ ಹುಲಿಗೆವ್ವಳನ್ನು ಕರೆದು ನಡುಮನೆಯಲ್ಲಿ ಬೋರಲು ಮಲಗಿಸಿದ. ಈ ಮಗ್ಗುಲಿಗೆ ತಾನು ಕೂತ, ಆ ಮಗ್ಗುಲಿಗೆ ಸೊಸೆಯನ್ನು ಕೂರಿಸಿದ. ನಡುವೆ ಹುಲಿಗೆವ್ವಳ ಬೆನ್ನು. ತಾನು ಎಡಗಡೆ ಒಂದು ಜಾಗ ಒತ್ತಿ ಹಿಡಿದು, ಬಲಗಡೆ ಅದರ ಜೋಡಿಯನ್ನು ಹುಡುಕು ಎನ್ನುತ್ತಿದ್ದ. ಸಿಕ್ಕಿತೋ ಇಲ್ಲವೋ ಎಂದು ಹೇಳುವವಳು ಹುಲಿಗೆವ್ವ.

"ಮ್ಯಾಲ ಹೋದ್ಲು... ಇನ್ನೂ ಮ್ಯಾಲ... ಹಾಂ, ಈಗ ಕೆಳಗ ಬಂದ್ಲು" ಎಂದು ಆಕೆ ಕೌದಿಗೆ ಮುಖ ಹುದುಗಿಸಿಕೊಂಡೇ ಹೇಳುತ್ತಿದ್ದಳು. ಬೇಸರವಾದಾಗ ಮುಖ ಎತ್ತಿ ಗದರುತ್ತಿದ್ದಳು: "ಮಾವ ಸೊಸಿ ಸಾಲಿಗೆ ನನ್ನ ಬೆನ್ನ ಪಾಟಿ ಆತು! ಬರದದ್ದು ಸಾಕು, ಒರಸ್ರಿ. ಎದ್ದು ರೊಟ್ಟಿ ಬಡೀಬೇಕು."

ಪರಶಪ್ಪನ ಕ್ರಮವೇ ಬೇರೆಯಿತ್ತು. ಬಂದವನನ್ನು ಎಲ್ಲಿ ನೋವು ಎಂದು ಕೇಳುತ್ತಿರಲಿಲ್ಲ. ಬಾಗಿಲು ದಾಟುವಾಗ ಯಾವ ಕಾಲು ಮೊದಲು ಎತ್ತಿದ, ಕೂರುವಾಗ ಯಾವ ಕೈ ನೆಲಕ್ಕೆ ಊರಿದ, ಅದನ್ನು ನೋಡುತ್ತಿದ್ದ. ಬೇನೆಯಿದ್ದ ಕಡೆಯನ್ನು ಮೊದಲು ಮುಟ್ಟುತ್ತಿರಲಿಲ್ಲ. "ಚಲೋ ಕಡೆ ಮೊದಲ ಕೈ ಇಡವಾ" ಎಂದು ಸೊಸೆಗೆ ಹೇಳುತ್ತಿದ್ದ. "ಈ ಮೈ ಚಲೋ ಇದ್ದಾಗ ಹ್ಯಾಂಗಿತ್ತು ಅನ್ನೋದನ್ನ ಅದು ಹೇಳತೈತಿ. ಆಮ್ಯಾಲ ಬೇನಿ ಕಡೆ ಹೋಗು."

ಇನ್ನೊಂದು ಪಾಠ ನರದ್ದು. ಈ ಸೀಮೆಯಲ್ಲಿ ಎಲ್ಲವೂ ನರವೇ. ಎಲುಬಿಗೆ ಅಂಟಿದ ಸ್ನಾಯುವೂ ನರ, ರಕ್ತ ಹರಿಯುವ ನಾಳವೂ ನರ. ಕುತ್ತಿಗೆ ಸೆಟೆದರೂ ನರ ಹಿಡಿಯಿತು ಅನ್ನುತ್ತಾರೆ, ಕಾಲು ಊದಿದರೂ ನರ ಹಿಡಿಯಿತು ಅನ್ನುತ್ತಾರೆ. ಪರಶಪ್ಪ ಮಾತ್ರ ಆ ಒಂದು ಮಾತನ್ನು ಸೀಳಿ ಎರಡು ಮಾಡಿದ್ದ.

"ಎಳಿಯೋ ನರ ಬ್ಯಾರೆ, ಹರಿಯೋ ನರ ಬ್ಯಾರೆ. ಎಳಿಯೋದನ್ನ ತಿಕ್ಕು, ಬಿಡತೈತಿ. ಹರಿಯೋದನ್ನ ತಿಕ್ಕಿದಿ ಅಂದ್ರ, ಅದರಾಗ ಕುಂತದ್ದು ಎದ್ದು ಎಲ್ಲಿಗೆ ಹೋಗತೈತಿ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ."

"ಯಾವುದು ಯಾವುದಂತ ಹ್ಯಾಂಗ ತಿಳೀಬೇಕ್ರಿ?"

"ಹಿಂಗೈ ಇಟ್ಟು ನೋಡು. ಹಿಂಗೈಗೆ ಕಾವು ಹತ್ತಿತಂದ್ರ ಅಂಗೈ ತಿರುವಬ್ಯಾಡ. ಕೈ ತಕ್ಕೋ. ದವಾಖಾನಿಗೆ ಒಯ್ರಿ ಅನ್ನು. ಎದ್ದು ಬಾ."

ಹೇಳುವಷ್ಟು ಸುಲಭವಲ್ಲ ಅದು. ಎದುರಿಗೆ ಒಬ್ಬ ನರಳುತ್ತ ಬಿದ್ದಿರುವಾಗ, ಮನೆಯವರು ಎಣ್ಣೆಯ ಬಟ್ಟಲು ಹಿಡಿದು ನಿಂತಿರುವಾಗ ಕೈ ಹಿಂದಕ್ಕೆ ತೆಗೆದುಕೊಳ್ಳುವುದನ್ನು ಕಲಿಯಲು ಉಡಚವ್ವನಿಗೆ ವರ್ಷಗಳೇ ಹಿಡಿದವು. ಪರಶಪ್ಪ ತೀರಿಕೊಂಡ ಮೇಲೆ ಅವಳು ಒಬ್ಬಳೇ ಅದನ್ನು ಮಾಡತೊಡಗಿದಳು, ಮತ್ತು ಆಗಲೇ ಊರು ಅವಳ ಕೈಯನ್ನು ಬೇರೆ ತರಹ ಓದತೊಡಗಿತು.

ದರ್ಜಿ ಬಾಷಾಸಾಬ ಬೆನ್ನುನೋವೆಂದು ಬಂದಿದ್ದ. ಬೆನ್ನೆಲುಬಿನ ಪಕ್ಕದಲ್ಲಿ, ಏನೂ ಇರಬಾರದ ಕಡೆ, ಉಡಚವ್ವನ ಬೆರಳಿಗೆ ಒಂದು ಗಂಟು ಸಿಕ್ಕಿತು. ಕೈ ತೆಗೆದುಕೊಂಡು, ದವಾಖಾನಿಗೆ ಒಯ್ರಿ ಅಂದಳು. ಹುಬ್ಬಳ್ಳಿಗೆ ಒಯ್ದರು. ಮುಂಗಾರು ಮುಗಿಯುವ ಮೊದಲೇ ಬಾಷಾಸಾಬನ ಅಂಗಡಿಯ ಬಾಗಿಲು ಮುಚ್ಚಿತು. ಆಮೇಲೆ ಸೊಂಟ ಕೆಂಡದಂತೆ ಸುಡುತ್ತಿದ್ದ ಒಬ್ಬ ಮುದುಕಿ. ಆಮೇಲೆ ಇನ್ನೊಬ್ಬ. ಬೇನೆ ಬಲಿತ ಮೇಲೆಯೇ ಅವರೆಲ್ಲ ಅವಳ ಹತ್ತಿರ ಬಂದಿದ್ದರು. ದವಾಖಾನೆಗೆ ಹೋಗಿ ಬದುಕಿ ಬಂದವರೂ ಇದ್ದರು, ಆದರೆ ಬದುಕಿ ಬಂದವರು ಹೊಲಕ್ಕೆ ಹೋಗುತ್ತಾರೆ, ಸಂತೆಗೆ ಹೋಗುತ್ತಾರೆ, ಅವರ ಕತೆಯನ್ನು ಯಾರೂ ಹೇಳುವುದಿಲ್ಲ.

ಹೀಗೆ, ಉಡಚವ್ವ ಕೈ ತೆಗೆದುಕೊಂಡಳೆಂದರೆ ಮನುಷ್ಯ ಉಳಿಯುವುದಿಲ್ಲ ಎಂಬುದು ಊರಿನಲ್ಲಿ ನೆಲೆಯಾಯಿತು. ಉಡಚವ್ವನಿಗೂ ಅದು ಗೊತ್ತಿತ್ತು. ಅಲ್ಲವೆಂದು ಒಂದೆರಡು ಸಲ ಹೇಳಿ ನೋಡಿದಳು. ಆಮೇಲೆ ಬಿಟ್ಟಳು. ಕಟ್ಟೆಯ ಮೇಲೆ ಜಾಗ ಕೊಡದವರು ಅವಳು ಎದುರು ಬಂದರೆ ಈಗ ದಾರಿ ಬಿಡುತ್ತಿದ್ದರು. ಆ ಭಯದಲ್ಲಿ ಒಂದಿಷ್ಟು ಮರ್ಯಾದೆಯೂ ಸೇರಿತ್ತು. ಅದನ್ನು ಬೇಡವೆನ್ನಲು ಅವಳಿಗೂ ಮನಸ್ಸಾಗಲಿಲ್ಲ.

ಹೋದ ವರ್ಷದ ಹಿಂಗಾರಿನಲ್ಲಿ ಹನಮಪ್ಪನ ಮನೆಯಿಂದ ಕರೆ ಬಂತು. ಹನಮಪ್ಪ ಸ್ವಂತ ಹೊಲವಿರುವ ರೈತ. ಮಗಳು ರಾಜೇಶ್ವರಿಯನ್ನು ಶಿರೋಳಕ್ಕೆ ಕೊಟ್ಟಿದ್ದ. ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಬಂದಿದ್ದಳು. ರೋಣದಲ್ಲಿ ಹೊಟ್ಟೆ ಕೊಯ್ದು ಕೂಸನ್ನು ತೆಗೆದಿದ್ದರು. ಮನೆಗೆ ಬಂದಾಗಿನಿಂದ ತಾಯಿ ಹೊಳೆವ್ವ ಮಗಳನ್ನು ಹೊರಸಿನಿಂದ ಇಳಿಯಗೊಟ್ಟಿರಲಿಲ್ಲ. ಕಿಟಕಿಯ ಸಂದಿಗಳಿಗೆ ಬಟ್ಟೆ ತುರುಕಿ, ಹೊರಸಿನ ಕೆಳಗೆ ಕೆಂಡ ಇಟ್ಟು, ಕಿವಿಗೆ ಬಿಗಿಯಾಗಿ ಅರಿವೆ ಕಟ್ಟಿ ಮಲಗಿಸಿದ್ದಳು.

"ಬಾ ಉಡಚವ್ವಾ" ಅಂದಳು ಹೊಳೆವ್ವ. ಕೈಯಲ್ಲಿ ಆಗಲೇ ಎಣ್ಣೆಯ ಬಟ್ಟಲಿತ್ತು. "ನಿನ್ನಿಯಿಂದ ಎಡಗಾಲ ಊರಾಕ ಒಲ್ಲಳು. ನರ ಹಿಡದೈತಿ. ಒಂದೀಟ ತಿಕ್ಕಿ ಹೋಗು."

ಹೊಗೆ, ಅಜವಾನದ ವಾಸನೆ, ಕತ್ತಲೆ. ಉಡಚವ್ವ ಹೊರಸಿನ ಹತ್ತಿರ ಕೂತು ಹುಡುಗಿಯನ್ನು ಮಾತಿಗೆಳೆದಳು. "ಏನ ತಂಗೆವ್ವಾ, ಕೂಸಿನ ಎತಗೊಳ್ಳೂ ಗದ್ದಲದಾಗ ಕಾಲ ದವಾಖಾನ್ಯಾಗ ಬಿಟ್ಟ ಬಂದೀಯೇನ?"

ರಾಜೇಶ್ವರಿ ನಕ್ಕಳು. ನಗು ಅರ್ಧಕ್ಕೇ ಸಣ್ಣ ಕೆಮ್ಮಾಯಿತು. "ಆಯೀ, ನಗಸಬ್ಯಾಡ್ರಿ, ಹೊಲಿಗಿ ಎಳೀತಾವ."

ಉಡಚವ್ವ ಮೊದಲು ಬಲಗಾಲಿಗೆ ಕೈ ಇಟ್ಟಳು. ಬಾಣಂತಿಯ ಕಾಲು ಹೇಗಿರಬೇಕೋ ಹಾಗಿತ್ತು. ತಣ್ಣಗೆ, ಮೆತ್ತಗೆ, ಸ್ವಲ್ಪ ಸೊರಗಿ. ಆಮೇಲೆ ಎಡಗಾಲಿನ ಮೇಲಿನ ಸೀರೆ ಸರಿಸಿದಳು. ಮೀನಖಂಡದಿಂದ ತೊಡೆಯವರೆಗೆ ಕಾಲು ತುಂಬಿ ಬಿಗಿದಿತ್ತು. ಚರ್ಮ ಕತ್ತಲೆಯಲ್ಲೂ ಹೊಳೆಯುತ್ತಿತ್ತು. ಹಿಂಗೈ ಇಟ್ಟಳು. ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತಾದ ಹಂಚಿನ ಕಾವು. ಒಂದು ಬೆರಳು ಒತ್ತಿ ತೆಗೆದಳು. ತಗ್ಗು ಹಾಗೇ ನಿಂತಿತು, ತುಂಬಿಕೊಳ್ಳಲೇ ಇಲ್ಲ.

ಹರಿಯುವ ನರ.

ಅವಳು ಕೈ ತೆಗೆದುಕೊಂಡಳು. ನಾಲಿಗೆ ತನ್ನ ರೂಢಿಯಂತೆ, "ದವಾಖಾನಿಗೆ ಒಯ್ರಿ" ಅಂದಿತು.

ಅಂದ ಮೇಲೆ ತಾನೇನು ಅಂದೆ ಎಂದು ಅವಳಿಗೆ ಕೇಳಿಸಿತು. ಹೊಳೆವ್ವ ಎಣ್ಣೆಯ ಬಟ್ಟಲನ್ನು ಸದ್ದಾಗದಂತೆ ನೆಲಕ್ಕಿಟ್ಟಳು. ಹೊಸ್ತಿಲಲ್ಲಿ ನಿಂತಿದ್ದ ಹನಮಪ್ಪ ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ರಾಜೇಶ್ವರಿ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

"ಹಂಗಲ್ಲರೀ ಯವ್ವಾ" ಅಂದಳು ಉಡಚವ್ವ ಗಾಬರಿಯಾಗಿ. "ಖರೇನ ದವಾಖಾನಿಗೆ ಒಯ್ರಿ. ಇವತ್ತ ಒಯ್ರಿ. ಕಾಲಿಗೆ ಯಾರೂ ಕೈ ಹಚ್ಚಬ್ಯಾಡ್ರಿ."

"ತಿಳೀತವಾ" ಅಂದಳು ಹೊಳೆವ್ವ, ಬೇರೆ ಯಾರದೋ ದನಿಯಲ್ಲಿ. "ಎರಡೆರಡ ಸಲ ಹೇಳಬ್ಯಾಡ. ತಿಳೀತು. ಹೋಗು."

ಉಡಚವ್ವ ಮನೆಗೆ ಬಂದಳು. ಗಾಡಿ ಹೊರಟ ಸದ್ದು ಬರುತ್ತದೆಂದು ಕಿವಿಗೊಟ್ಟಳು. ಬರಲಿಲ್ಲ. ಮಧ್ಯಾಹ್ನ ನಳದ ಹತ್ತಿರ ಕೊಡ ಇಟ್ಟಾಗ ಅಲ್ಲಿದ್ದ ಹೆಂಗಸರ ಮಾತು ಪಕ್ಕನೆ ನಿಂತಿತು. ಪಕ್ಕದ ಮನೆಯ ಕವಿತಾ ಮಾತ್ರ ಬಾಯಿ ಕಟ್ಟಿಕೊಳ್ಳುವವಳಲ್ಲ.

"ಯಕ್ಕಾ, ಶಿರೋಳದ ಅಳಿಯಗ ಫೋನ್ ಮಾಡ್ಯಾರಂತ. ಲಗೂ ಬಾ, ಮಾರಿ ನೋಡಿ ಹೋಗು ಅಂತ. ಕೂಸಿಗೆ ಬಾಟಲಿ ತರಿಸ್ಯಾರ, ಈಗಿಂದನ ರೂಢಿ ಆಗ್ಲಿ ಅಂತ."

"ದವಾಖಾನಿಗೆ ಒಯ್ದಿಲ್ಲೇನ?"

ಕವಿತಾ ಅವಳನ್ನೇ ವಿಚಿತ್ರವಾಗಿ ನೋಡಿದಳು. "ನೀನ ಕೈ ತಕ್ಕೊಂಡಿ. ಇನ್ನ ಎಲ್ಲಿಗೆ ಒಯ್ಯೋದು? ಬಾಣಂತಿ ಹಾದ್ಯಾಗ ಜೀವಾ ಬಿಟ್ಟರ ದೆವ್ವ ಆಗಿ ಅಡ್ಡಾಡತಾಳ, ಇದ್ದಷ್ಟ ಹೊತ್ತು ಮನ್ಯಾಗ ಇರಲಿ ಅಂತ ಹಿರ್ಯಾರು ಅಂದ್ರಂತ."

ನಳದ ನೀರು ಕೊಡ ತುಂಬಿ ಹರಿಯತೊಡಗಿತ್ತು. ಉಡಚವ್ವ ಅದನ್ನು ನಿಲ್ಲಿಸಲಿಲ್ಲ. ಹೋಗಿ ಮತ್ತೊಮ್ಮೆ ಹೇಳಬಹುದು. ಏನೆಂದು? ದವಾಖಾನಿಗೆ ಒಯ್ರಿ ಎಂದೇ ತಾನೆ? ಹೇಳಿದಷ್ಟೂ ಹುಡುಗಿಯನ್ನು ಹೊರಸಿನಿಂದ ನೆಲಕ್ಕಿಳಿಸುವ ಹೊತ್ತು ಹತ್ತಿರವಾಗುತ್ತದೆ. ಅವಳ ಬಾಯಲ್ಲಿ ಆ ಮಾತು ಸತ್ತು ಬಹಳ ಕಾಲವಾಗಿತ್ತು. ಅವಳಿಗೆ ಇವತ್ತು ಗೊತ್ತಾಯಿತು. ಈ ಊರು ಅವಳ ಮಾತು ಕೇಳುವುದಿಲ್ಲ, ಅವಳ ಕೈಯನ್ನು ನೋಡುತ್ತದೆ. ಹಾಗಾದರೆ ಕೈಯೇ ಹೇಳಬೇಕು.

ಅವಳು ಕೊಡ ಅಲ್ಲೇ ಬಿಟ್ಟು ನಡೆದಳು.

ಹನಮಪ್ಪನ ಮನೆಯ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಜನ ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು, ಸಾವಿನ ಮನೆಯಲ್ಲಿ ಕೂರುವ ಹಾಗೆಯೇ. ಅತ್ತ ಬಾಣಂತಿ ಕೋಣೆಯಲ್ಲಿ ಕೆಮ್ಮುತ್ತಿದ್ದಳು; ಇತ್ತ ಯಾರೋ ಮುದುಕಿ ಬಾಟಲಿಯ ತೊಟ್ಟನ್ನು ಕೂಸಿನ ಬಾಯಿಗೆ ತುರುಕುತ್ತಿದ್ದಳು, ಕೂಸು ಮುಖ ತಿರುವಿ ಚೀರುತ್ತಿತ್ತು.

ಉಡಚವ್ವ ಹೊಸ್ತಿಲಲ್ಲೇ ದನಿ ಎತ್ತಿದಳು. "ಏನ್ರಿ ಇಷ್ಟ ಮಂದಿ! ಯಾರದ ಮದವಿ? ನನಗ ಹೇಳೇ ಇಲ್ಲಲ್ಲ!"

ಯಾರೂ ನಗಲಿಲ್ಲ. ಅವಳು ಎಲ್ಲರನ್ನೂ ದಾಟಿ ಕೋಣೆಗೆ ಹೋಗಿ, ಸೀರೆ ಸರಿಸಿ, ಅಲ್ಲೇ ನಿಂತುಬಿಟ್ಟಳು. ಎಡಗಾಲು ಪಾದದಿಂದ ತೊಡೆಯವರೆಗೆ ಎಣ್ಣೆಯಲ್ಲಿ ಮಿಂಚುತ್ತಿತ್ತು. ಮೀನಖಂಡದ ಮೇಲೆ ಕೆಂಪಗೆ ಬೆರಳ ಗುರುತುಗಳಿದ್ದವು.

"ಯಾರ ತಿಕ್ಕಿದ್ರಿ?" ಅಂದಳು, ಕೇಳಿಸದಷ್ಟು ಸಣ್ಣಗೆ.

ಹೊಳೆವ್ವ ತನ್ನೆರಡು ಅಂಗೈಗಳನ್ನು ಸೀರೆಯಲ್ಲಿ ಮುಚ್ಚಿಕೊಂಡಳು. "ನೀ ಬಿಟ್ಟ ಹೋದಿ. ನಾ ಹೆತ್ತಾಕಿ, ಸುಮ್ಮ ಹ್ಯಾಂಗ ಕುಂಡ್ರಲಿ?"

"ಮ್ಯಾಲಕೋ ಕೆಳಗೋ?"

"ಮ್ಯಾಲಕ."

ಒಳಗೆ ಕೂತದ್ದು ಎದ್ದಿದೆಯೋ ಇಲ್ಲವೋ, ಎದ್ದಿದ್ದರೆ ಎಲ್ಲಿಯವರೆಗೆ ಹೋಗಿದೆಯೋ, ಪರಶಪ್ಪನಿಗೆ ಗೊತ್ತಿರದಿದ್ದುದು ಉಡಚವ್ವನಿಗೂ ಗೊತ್ತಿರಲಿಲ್ಲ. ರಾಜೇಶ್ವರಿಯ ಎದೆ ಓಡಿಬಂದವರ ಎದೆಯಂತೆ ಏರಿಳಿಯುತ್ತಿತ್ತು. ಹೊತ್ತಿರಲಿಲ್ಲ. ಉಡಚವ್ವ ಹೊರಗಿನವರಿಗೆಲ್ಲ ಕೇಳುವಂತೆ ಕೂಗಿದಳು:

"ಎಣ್ಣಿ ತರ್ರಿ! ಮುಂಜಾನಿ ನನ್ನ ಕೈ ತಪ್ಪಿತ್ತು. ಹೊರಸಿನ ಬುಡಕಿನ ಕೆಂಡದ ಕಾವು ನನ್ನ ಕೈಗೆ ಬಡದು ಮೋಸ ಆತು. ಬಾಗಲಾ ತಗೀರಿ, ಎಲ್ಲಾರೂ ನೋಡ್ರಿ. ನಾ ಕೈ ಹಚ್ಚತೀನಿ!"

ಸಾಲಾಗಿ ಕೂತವರು ಎದ್ದು ಬಾಗಿಲಿಗೆ ಬಂದರು. ಉಡಚವ್ವ ಬಟ್ಟಲಲ್ಲಿ ಬೆರಳು ಅದ್ದಿದಳು. ರಾಜೇಶ್ವರಿಯ ಬಲಗಾಲನ್ನು, ಏನೂ ಆಗದ ಕಾಲನ್ನು, ತನ್ನ ತೊಡೆಯ ಮೇಲೆ ಎಳೆದುಕೊಂಡು ಎಣ್ಣೆ ಸವರತೊಡಗಿದಳು. ಬದುಕಿನಲ್ಲಿ ಮೊದಲ ಸಲ ಅವಳು ಕೈಯಿಂದ ಸುಳ್ಳು ಹೇಳುತ್ತಿದ್ದಳು, ಮತ್ತು ಕೈಗೆ ಅದು ಗೊತ್ತಿತ್ತು.

ಹಿಂದಿನಿಂದ ಒಬ್ಬ ಅಜ್ಜ ಕೇಳಿದ, "ಅಲ್ಲಬೇ, ಬೇನಿ ಎಡಗಾಲಾಗ, ಎಣ್ಣಿ ಬಲಗಾಲಿಗೆ?"

"ಎಡಗಾಲಿಗೆ ಅವರವ್ವ ಹಚ್ಚ್ಯಾಳಲ್ರೀ ಅಜ್ಜಾರ. ನಾ ಇದನ್ನ ಬಿಟ್ಟರ ಇದು ಸಿಟ್ಟ ಮಾಡತೈತಿ!"

ಯಾರೋ ಕಿಸಕ್ಕೆಂದರು. ಮನೆ ಉಸಿರು ಬಿಟ್ಟಿತು. ಒಬ್ಬಳು ಚಹಾಕ್ಕೆ ನೀರಿಟ್ಟಳು. ಇನ್ನೊಬ್ಬಳು ಬಾಟಲಿ ಕಸಿದಿಟ್ಟು ಕೂಸನ್ನು ತಾಯಿಯ ಮಗ್ಗುಲಿಗೆ ತಂದು ಹಾಕಿದಳು. ಅಷ್ಟರಲ್ಲಿ ಅಳಿಯ ದುರಗೇಶ ಬಾಡಿಗೆಯ ಕಾರನ್ನು ತಾನೇ ಓಡಿಸಿಕೊಂಡು ಬಂದಿಳಿದ. ಹೆಂಡತಿಯ ಮುಖ ನೋಡಲು ಬಂದವನ ಮುಖವನ್ನೇ ನೋಡಲಾಗುತ್ತಿರಲಿಲ್ಲ.

"ಚಲೋ ಆತು, ಗಾಡಿ ತಂದಿ" ಅಂದಳು ಉಡಚವ್ವ, ಎಣ್ಣೆಯ ಕೈ ನಿಲ್ಲಿಸದೆ. "ಹೊಲಿಗಿ ಬಿಗದು ಕಾಲಿಗೆ ಎಳದೈತಿ ತಮ್ಮಾ. ಹೊಲಿಗಿ ಹಾಕಿದ ಡಾಕ್ಟರಮ್ಮಗ ಒಂದ ಸಲ ತೋರಿಸಿ, ಸಂಜಿಗೆ ಬಂದಬಿಡೂಣು. ನಾನೂ ಬರ್ತೀನಿ. ಗಾಡಿ ತಿರುಗಸು."

ದವಾಖಾನೆ ಎಂಬ ಶಬ್ದವನ್ನು ಅವಳು ಬಾಯಿಗೆ ತರಲಿಲ್ಲ. ಯಾರೂ ಅಡ್ಡ ಬರಲಿಲ್ಲ.

ರೋಣದ ದಾರಿಯಲ್ಲಿ ಹಿಂದಿನ ಸೀಟಿನ ಉದ್ದಕ್ಕೂ ರಾಜೇಶ್ವರಿ ಮಲಗಿದ್ದಳು. ಊದಿದ ಕಾಲು ಉಡಚವ್ವನ ತೊಡೆಯ ಮೇಲಿತ್ತು. ಅವಳು ಅದನ್ನು ಒತ್ತಲಿಲ್ಲ, ಸವರಲಿಲ್ಲ. ತಗ್ಗಿನಲ್ಲಿ ಗಾಡಿ ಎಗರಿದಾಗ ಮಾತ್ರ ಎರಡೂ ಕೈಯಲ್ಲಿ ಅಲುಗದಂತೆ ಹಿಡಿಯುತ್ತಿದ್ದಳು. ಮುಂದೆ ಹೊಳೆವ್ವ ಕೂಸನ್ನು ಮಡಿಲಲ್ಲಿಟ್ಟುಕೊಂಡು ದಾರಿಯನ್ನೇ ನೋಡುತ್ತಿದ್ದಳು. ಎರಡೂ ಕಡೆ ಕರಿ ಹೊಲ ಬಿರುಕು ಬಿಟ್ಟು ಮಲಗಿತ್ತು. ಮೋಡ ಬಂದಿತ್ತು, ಮಳೆ ಬಂದಿರಲಿಲ್ಲ.

"ಆಯೀ" ಅಂದಳು ರಾಜೇಶ್ವರಿ. ಒಂದೊಂದು ಮಾತಿಗೂ ಉಸಿರು ಹುಡುಕುತ್ತಿದ್ದಳು. "ಈ ಕಾಲಿಗ್ಯಾಕ... ಹಚ್ಚಲಿಲ್ರಿ?"

ಉಡಚವ್ವ ಸೀರೆಯನ್ನು ಆ ಕಾಲಿನ ಮೇಲೆ ಎಳೆದಳು.

"ನಾ ನೋಡೀನಿ. ಮುಂಜಾನಿ ಕೈ ತಕ್ಕೊಂಡ್ರಿ. ಈಗೂ ಹಚ್ಚಿಲ್ಲ. ಅವರೆಲ್ಲಾರಿಗೂ... ಆಟ ತೋರಿಸಿದ್ರಿ." ಕೆಮ್ಮಿದಳು. "ನಾ ಸಾಯ್ತೀನೇನ್ರಿ?"

ದುರಗೇಶ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದ. ಗಾಡಿ ಒಂದು ಕ್ಷಣ ದಾರಿ ಬಿಟ್ಟು ಮಣ್ಣಿಗಿಳಿದು ಮತ್ತೆ ಏರಿತು.

"ಗೊತ್ತಿಲ್ಲ ಮಗಳ" ಅಂದಳು ಉಡಚವ್ವ. "ನನ್ನ ಕೈಗೆ ಅಷ್ಟ ದೂರ ಕಾಣಾಂಗಿಲ್ಲ. ಯಾವತ್ತೂ ಕಂಡಿಲ್ಲ. ಈ ಕಾಲ ತಿಕ್ಕಬಾರದು ಅನ್ನೋದಷ್ಟ ಗೊತ್ತು. ಮುಂದಿನದು ಅಲ್ಲಿದ್ದವ್ರಿಗೆ ಗೊತ್ತು, ಅದಕ್ಕ ಹೊಂಟೀವಿ. ಮಾತಾಡಬ್ಯಾಡ. ಉಸರ ಉಳಿಸು."

ಡಾಕ್ಟರು ಕಾಲನ್ನು ನೋಡಿದರು, ಬೆರಳಿಗೆ ಏನೋ ಸಿಕ್ಕಿಸಿ ಯಂತ್ರ ನೋಡಿದರು, ತಿರುಗಿ ನರ್ಸಿಗೆ ಜೋರಾಗಿ ಏನೇನೋ ಹೇಳಿದರು. ಆಮ್ಲಜನಕದ ಕೊಳವೆ ಬಂತು. ಗದಗಿಗೆ ಒಯ್ಯಲು ಆಂಬುಲೆನ್ಸಿಗೆ ಹೇಳಿದರು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದರ ಚೂರು ಪುಪ್ಪುಸಕ್ಕೆ ಹೋಗಿರಬಹುದು ಎಂದು ದುರಗೇಶನಿಗೆ ಬಿಡಿಸಿ ಹೇಳಿದರು. ಆಮೇಲೆ ಅವರ ಕಣ್ಣು ಎಣ್ಣೆಯ ಮೇಲೆ ಬಿತ್ತು.

"ಯಾರರ ತಿಕ್ಕ್ಯಾರೇನು ಈ ಕಾಲ?"

ಉಡಚವ್ವ ಹೊಳೆವ್ವಳನ್ನು ನೋಡಿದಳು. ಹೊಳೆವ್ವ ಕೂಸಿನ ಕುಲಾವಿಯ ದಾರ ಕಟ್ಟುತ್ತಿದ್ದಳು. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು.

"ತಿಕ್ಕ್ಯಾರ್ರಿ" ಅಂದಳು ಉಡಚವ್ವ. "ಇವತ್ತ. ಬಿಸಿ ಎಣ್ಣಿ ಹಚ್ಚಿ, ಕೆಳಗಿಂದ ಮ್ಯಾಲಕ."

ಡಾಕ್ಟರು ಅವಳ ಕೈಯತ್ತ ನೋಡಿದರು. ಅದಕ್ಕೂ ಎಣ್ಣೆ ಹತ್ತಿತ್ತು. ಅವರಿಗೆ ಬೇರೆ ಉತ್ತರ ಬೇಕಾಗಲಿಲ್ಲ. ಬೈಯಬೇಕಾದಷ್ಟನ್ನು ನಿಂತಲ್ಲೇ ಬೈದರು. ಸತ್ತರೆ ನೀನೇ ಕಾರಣ ಎಂಬುದೂ ಅದರಲ್ಲಿತ್ತು. ಉಡಚವ್ವ ಪೂರ್ತಿ ಕೇಳಿಸಿಕೊಂಡಳು. ಆಂಬುಲೆನ್ಸಿನ ಬಾಗಿಲು ಮುಚ್ಚಿದಾಗ ಒಳಗೆ ಅವಳಿಗೆ ಜಾಗವಿರಲಿಲ್ಲ. ಬಸ್ಸು ಹಿಡಿದು ಊರಿಗೆ ಬಂದಳು.

ರಾಜೇಶ್ವರಿ ಬದುಕಿದಳು. ಗದಗಿನಲ್ಲಿ ಬಹಳ ದಿನ ಇಟ್ಟುಕೊಂಡರು. ಎರಡು ಸಲ ಇನ್ನು ಆಗುವುದಿಲ್ಲ ಎಂಬ ಹಂತಕ್ಕೆ ಹೋಗಿ ಮರಳಿದಳಂತೆ. ಈಗ ಶಿರೋಳದಲ್ಲಿದ್ದಾಳೆ. ರಕ್ತ ತೆಳುವಾಗಲು ಗುಳಿಗೆ ತೆಗೆದುಕೊಳ್ಳುತ್ತಾಳೆ, ಸಂಜೆಯಾದರೆ ಎಡಗಾಲು ಸ್ವಲ್ಪ ಬಾಯುತ್ತದೆ. ಹೊಳೆವ್ವ ಉಡಚವ್ವನ ಮನೆಗೆ ಜೋಳ ಕಳಿಸಿದಳು, ಸೀರೆ ಕಳಿಸಿದಳು. ತಾನು ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ಈಗಲೂ ಮುಖ ಎತ್ತುವುದಿಲ್ಲ.

ಆದರೆ ಕಾರಿನಲ್ಲಿ ಆಡಿದ ಮಾತು ಕಾರಿನಲ್ಲೇ ಉಳಿಯಲಿಲ್ಲ. ದುರಗೇಶ ತನ್ನ ಊರಿನಲ್ಲಿ ಹೇಳಿದ. ಅವನು ಕೆಟ್ಟದ್ದಕ್ಕೆ ಹೇಳಲಿಲ್ಲ, ಉಡಚವ್ವನ ಜಾಣತನವನ್ನು ಹೊಗಳಿಯೇ ಹೇಳಿದ. ಶಿರೋಳದಿಂದ ಅದು ಜಕ್ಕಲಿಗೆ ಹೋಯಿತು, ಜಕ್ಕಲಿಯಿಂದ ಮೆಣಸಗಿಗೆ ಬಂತು. ಬರುವಷ್ಟರಲ್ಲಿ ಅದಕ್ಕೊಂದು ಹೆಸರು ಹುಟ್ಟಿತ್ತು: ಸುಳ್ಳ ಎಣ್ಣಿ. ರಾಜೇಶ್ವರಿ ಬದುಕಿದ್ದು ದಾರಿಯಲ್ಲೇ ಉದುರಿಹೋಗಿತ್ತು. ಉಳಿಯುವುದಿಲ್ಲ ಎಂದು ಗೊತ್ತಿದ್ದರೂ ಉಡಚವ್ವ ನಗುನಗುತ್ತ ಎಣ್ಣೆ ಹಚ್ಚುತ್ತಾಳೆ ಎಂಬುದು ಜನರಿಗೆ ತಿಳಿಯಿತು. ಮೊದಲು ಅವಳು ಕೈ ತೆಗೆದುಕೊಂಡರೆ ಹೆದರುತ್ತಿದ್ದರು. ಈಗ ಹಚ್ಚಿದರೂ ಹೆದರತೊಡಗಿದರು.

ಬೇಸಿಗೆಯಲ್ಲಿ ಜಕ್ಕಲಿಯ ಮೈಲಾರಿ ಎಂಬವನು ಬಣವೆಯ ಮೇಲಿಂದ ಬಿದ್ದು ರಟ್ಟೆ ಜಾರಿಸಿಕೊಂಡು ಬಂದ. ಹೆಂಡತಿಯೂ ಜೊತೆಗಿದ್ದಳು. ಕೈ ಇಟ್ಟು ನೋಡಿದರೆ ಕಾವಿಲ್ಲ, ಬಾವಿಲ್ಲ, ನೇರವಾದ ಕೆಲಸ. ಉಡಚವ್ವ ಎಣ್ಣೆಯ ಬಾಟಲಿ ತೆಗೆದದ್ದೇ ತಡ, ಮೈಲಾರಿಯ ಮುಖದ ರಕ್ತ ಇಳಿಯಿತು.

"ಯವ್ವಾ, ಖರೇ ಹೇಳ್ರಿ. ಇದು ಖರೇ ಎಣ್ಣಿನೋ, ಸುಳ್ಳ ಎಣ್ಣಿನೋ?"

ಅವನ ಹೆಂಡತಿ ಆಗಲೇ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಏನು ಹೇಳಿದರೂ ಇವರು ತಿರುವಿಯೇ ಕೇಳಿಸಿಕೊಳ್ಳುತ್ತಾರೆ ಎಂದು ಉಡಚವ್ವನಿಗೆ ಹೊಳೆಯಿತು. ಅವನ ಕಂಕುಳಲ್ಲಿ ಮುಷ್ಟಿ ಇಟ್ಟು, ಮೊಣಕೈ ಹಿಡಿದು ಎಳೆದು ತಿರುವಿದಳು. ರಟ್ಟೆ ಟಕ್ಕೆಂದು ಗೂಡಿಗೆ ಕೂತಿತು. ಮೈಲಾರಿ ಓಣಿಯೆಲ್ಲ ಕೇಳುವಂತೆ ಚೀರಿದ.

ಚೀರಿದ್ದೇ ತಡ ಅವನ ಹೆಂಡತಿ ಅಳುವುದನ್ನು ಬಿಟ್ಟು ನಕ್ಕಳು. "ನೋಯ್ತು! ನೋಯ್ತಲ್ರಿ? ಹಂಗಾರ ಖರೇ ಎಣ್ಣಿ!" ಬಾಗಿಲಲ್ಲಿ ನಿಂತವರಿಗೂ ಅದು ಸರಿಯೆನಿಸಿತು. ಸಾಯುವವರನ್ನು ಯಾರಾದರೂ ನೋಯಿಸುತ್ತಾರೆಯೇ? ಸುಳ್ಳ ಎಣ್ಣೆ ಮೆತ್ತಗಿರುತ್ತದೆ, ಖರೇ ಎಣ್ಣೆ ನೋಯುತ್ತದೆ ಎಂದು ಅಂದೇ ತೀರ್ಮಾನವಾಯಿತು.

ಪರಶಪ್ಪನ ಕೈ ಮೆತ್ತಗಿತ್ತು. ಸೊಸೆಯ ಕೈ ಅವನದಕ್ಕಿಂತ ಮೆತ್ತಗೆ ಎಂದು ಹುಲಿಗೆವ್ವಳೇ ಹೇಳುತ್ತಿದ್ದಳು. ಹತ್ತು ಕೆಲಸಗಳಲ್ಲಿ ಎಂಟನ್ನು ಉಡಚವ್ವ ನೋಯಿಸದೆಯೇ ಮಾಡಬಲ್ಲಳು; ಮಲಗಿದವರಿಗೆ ಕೆಲಸ ಮುಗಿದದ್ದೂ ಗೊತ್ತಾಗುವುದಿಲ್ಲ. ಈಗ ಹಾಗೆ ಮಾಡಿದರೆ ಜನ ಮನೆಗೆ ಹೋಗಿ ಬಂಧುಗಳಿಗೆ ಫೋನ್ ಮಾಡುತ್ತಾರೆ.

ಮೊನ್ನೆ ನರಗುಂದದ ಕಡೆಯ ಒಬ್ಬ ಹೆಂಗಸು ತನ್ನ ಸಣ್ಣ ಮಗಳನ್ನು ಕರೆತಂದಿದ್ದಳು. ಮಲಗಿ ಎದ್ದಾಗ ಕುತ್ತಿಗೆ ಹಿಡಿದುಬಿಟ್ಟಿತ್ತು, ಹುಡುಗಿ ತಲೆ ವಾರೆ ಮಾಡಿ ನಿಂತಿತ್ತು. ಉಡಚವ್ವ ಅದರ ಜೊತೆ ಬಳೆಯ ಮಾತಾಡುತ್ತ, ಜಡೆಯ ಮಾತಾಡುತ್ತ, ಎರಡು ಬೆರಳನ್ನು ಕುತ್ತಿಗೆಯ ಹಿಂದೆ ಇಟ್ಟು ಸ್ವಲ್ಪ ಹೊತ್ತು ಕಾದಳು. ನರ ಬಿಟ್ಟಿತು. ತಲೆ ನೆಟ್ಟಗಾಯಿತು. ಹುಡುಗಿ ಮಾತಾಡುತ್ತಲೇ ಇತ್ತು.

ಉಡಚವ್ವ ತಲೆ ಎತ್ತಿದಳು. ತಾಯಿ ಮಗಳ ಮುಖವನ್ನೇ ನೋಡುತ್ತಿದ್ದಳು, ತುಟಿ ಬಿಳಿಚಿಕೊಂಡಿತ್ತು, ಕಣ್ಣು ತುಂಬಿ ಬರುತ್ತಿತ್ತು. ಉಡಚವ್ವ ಮತ್ತೆ ಹುಡುಗಿಯ ಹೆಗಲಿಗೆ ಕೈ ಹಾಕಿ, ಜಡೆಯ ಮರೆಯಲ್ಲಿ, ಬಲವಾಗಿ ಚಿವುಟಿದಳು. ಹುಡುಗಿ ಕಿಟಾರನೆ ಕಿರುಚಿ ಅಳತೊಡಗಿತು. ತಾಯಿ ಎದೆಯ ಮೇಲೆ ಕೈ ಇಟ್ಟುಕೊಂಡು, ಸದ್ಯ ಎಂದು ಗೋಡೆಗೆ ಒರಗಿ ಕೂತಳು.